ದಿನ ಮೀರಿದ ಬಸಿರು

ಹಣ್ಣಾದ ಕಾಯಿ ತಾನಾಗಿಯೇ ತೊಟ್ಟು ಕಳಚುವುದು, ಅದನ್ನು ಕೋಲಿನಿಂದ ಬಡಿದು ಉದುರಿಸತಕ್ಕದ್ದಲ್ಲ ಎಂಬ ಮಾತು, ಹೇಳಿದ ದಿನ ಕಳೆದರೂ ಬೇನೆ ಕಾಣದ ಗರ್ಭಿಣಿಯಿರುವ ಮನೆಯಲ್ಲಿ ಒಮ್ಮೆಯಾದರೂ ಹೊರಡದೆ ಇರದು. ಅಜ್ಜಿಯ ಬಾಯಲ್ಲಿ ಅದು ಅನುಭವದ ಮಾತು. ಹಲವು ಮಕ್ಕಳನ್ನು ಹೆತ್ತವಳಿಗೆ ಅಷ್ಟು ಹೇಳುವ ಅಧಿಕಾರವುಂಟು. ಆದರೆ ಪದವಿ ಪಡೆದ ಮೊಮ್ಮಗನು ಅದೇ ಮಾತಿಗೆ ಪ್ರಕೃತಿಧರ್ಮವೆಂಬ ಕಿರೀಟವನ್ನಿಟ್ಟು, ಔಷಧದಿಂದ ಬೇನೆ ಬರಿಸುವುದೆಲ್ಲವೂ ಆಸ್ಪತ್ರೆಯವರ ಹಣದಾಸೆ ಎಂದು ತೀರ್ಪು ಕೊಟ್ಟಾಗ ಅದು ಅನುಭವವೂ ಅಲ್ಲ, ವಿಜ್ಞಾನವೂ ಅಲ್ಲ, ಬರಿಯ ಹಟ. ಆ ಹಟಕ್ಕೆ ಬೆಲೆ ತೆರುವವನು ಅವನಲ್ಲ. ಒಳಕೋಣೆಯಲ್ಲಿ ಕುಳಿತು ಮಗುವಿನ ಮಿಸುಕಾಟವನ್ನು ಬೆರಳಿನಿಂದ ಎಣಿಸುತ್ತಿರುವ ಹೆಣ್ಣುಮಗಳು.

ಈ ವಾದದ ಬುಡದಲ್ಲಿ ಒಂದು ತಪ್ಪು ಕಲ್ಪನೆಯಿದೆ. ಕಾಯುವುದೆಂದರೆ ಏನನ್ನೂ ಮಾಡದಿರುವುದು, ಏನನ್ನೂ ಮಾಡದವನಿಗೆ ಅಪಾಯವಿಲ್ಲ ಎಂಬುದೇ ಅದು. ದಿನ ತುಂಬಿದ ಬಸಿರಿನ ವಿಷಯದಲ್ಲಿ ಇದು ಸಲ್ಲದು. ಗರ್ಭಸ್ಥ ಶಿಶುವಿಗೆ ಅನ್ನವನ್ನೂ ಉಸಿರನ್ನೂ ಒದಗಿಸುವ ಮಾಸು ನಿರಂತರವಾಗಿ ದುಡಿಯುವ ಅಂಗವಲ್ಲ; ಕಾಲ ಮೀರಿದ ಬಸಿರುಗಳಲ್ಲಿ ಕೆಲವಲ್ಲಿ ಅದರ ಶಕ್ತಿ ಕುಂದುತ್ತದೆ. ಮಗುವಿನ ಸುತ್ತಣ ನೀರು ಕಡಮೆಯಾಗಬಹುದು. ಮಗು ಗರ್ಭದಲ್ಲಿಯೇ ಮೊದಲ ಮಲವನ್ನು ವಿಸರ್ಜಿಸಿ ಅದು ಉಸಿರಿನೊಡನೆ ಪುಪ್ಪುಸಕ್ಕೆ ಸೇರಬಹುದು. ಮಗು ಬಲಿತು ದೊಡ್ಡದಾಗಿ ಹೆಗಲು ಸಿಕ್ಕಿಕೊಳ್ಳಲೂಬಹುದು. ಹೆಚ್ಚಿನವರಲ್ಲಿ ಇದೊಂದೂ ಆಗುವುದಿಲ್ಲವೆಂಬುದು ನಿಜ. ಆದರೆ ಉದುರದೆ ತೊಟ್ಟಿನಲ್ಲಿಯೇ ಕೊಳೆತ ಹಣ್ಣುಗಳನ್ನೂ ತೋಟದವನು ಬಲ್ಲನು. ಉಪಮೆ ಹೇಳುವವರು ಅವನನ್ನು ಕೇಳುವುದಿಲ್ಲ.

ಪ್ರಾಚೀನರ ಹೆಸರು ಹೇಳಿ ಈ ಹಟವನ್ನು ಸಮರ್ಥಿಸುವವರು ಚರಕಸಂಹಿತೆಯ ಶಾರೀರಸ್ಥಾನವನ್ನೊಮ್ಮೆ ತೆರೆದು ನೋಡಬೇಕು. ಒಂಬತ್ತನೆಯ ತಿಂಗಳು ಮೊದಲ್ಗೊಂಡು ಹತ್ತನೆಯ ತಿಂಗಳವರೆಗೆ ಪ್ರಸವಕಾಲವೆಂದೂ, ಅದಕ್ಕೂ ಮೀರಿ ಗರ್ಭವು ಹೊಟ್ಟೆಯಲ್ಲಿ ನಿಲ್ಲುವುದು ವಿಕಾರವೆಂದೂ ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಹತ್ತು ಚಾಂದ್ರಮಾಸಗಳೆಂದರೆ ಸುಮಾರು 295 ದಿನಗಳು. ಇಂದಿನ ವೈದ್ಯರು ಕಾಲ ಮೀರಿದ ಬಸಿರೆಂದು ಕರೆಯುವುದು 42 ವಾರ ತುಂಬಿದುದನ್ನು, ಎಂದರೆ 294 ದಿನಗಳನ್ನು. ಎಣಿಕೆಯ ಆರಂಭ ಎರಡು ಕಡೆಯೂ ಒಂದೇ ಅಲ್ಲದಿರಬಹುದು. ಹೊಂದಿಕೆ ಕಾಕತಾಳೀಯವೇ ಇದ್ದೀತು. ಆದರೂ ಕಾಲಕ್ಕೊಂದು ಮೇರೆಯುಂಟೆಂಬ ವಿವೇಕವನ್ನು ಪಶ್ಚಿಮದಿಂದ ಎರವಲು ತಂದರೆಂದು ಯಾರೂ ದೂರಬೇಕಾಗಿಲ್ಲ.

ಇನ್ನು ಆ ದಿನದ ಲೆಕ್ಕವೇ ಸುಳ್ಳು ಎನ್ನುವವರ ಮಾತು. ಇದರಲ್ಲಿ ಸತ್ಯಾಂಶವುಂಟು, ಆದುದರಿಂದಲೇ ಇದನ್ನು ತುಸು ವಿಸ್ತಾರವಾಗಿ ನೋಡಬೇಕು. ಹೈಡೆಲ್‌ಬರ್ಗಿನ ನೇಗೆಲೆ (1778-1851) ಎಂಬ ಪ್ರಸೂತಿ ಪಂಡಿತನ ಹೆಸರಿನಲ್ಲಿ ರೂಢಿಗೆ ಬಂದ ಲೆಕ್ಕದಂತೆ, ಕಡೆಯ ಮುಟ್ಟಿನ ಮೊದಲ ದಿನದಿಂದ 280 ದಿನಗಳನ್ನೆಣಿಸಿ ಹೆರಿಗೆಯ ದಿನವನ್ನು ಗೊತ್ತುಮಾಡುತ್ತಾರೆ. 28 ದಿನಕ್ಕೊಮ್ಮೆ ತಪ್ಪದೆ ಮುಟ್ಟಾಗುವವಳಿಗೆ ಇದು ಒಪ್ಪುತ್ತದೆ. 35 ದಿನಕ್ಕೊಮ್ಮೆ ಆಗುವವಳಿಗೆ ಒಂದು ವಾರದ ಅಂತರ ಬೀಳುತ್ತದೆ. ನಿಗದಿಯಾದ ದಿನದಂದೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. ಎಂದ ಮೇಲೆ, ದಿನ ದಾಟಿದ ಮರುದಿನವೇ ಗಾಬರಿಗೊಳ್ಳುವುದಕ್ಕೆ ಕಾರಣವಿಲ್ಲ. ದಿನ ಮೀರಿತೆಂದು ಹೆದರಿದ ಎಷ್ಟೋ ಬಸಿರುಗಳಲ್ಲಿ ಮೀರಿದುದು ದಿನವಲ್ಲ, ತಪ್ಪಿದುದು ಎಣಿಕೆ.

ಆದರೆ ಈ ತಪ್ಪನ್ನು ತಿದ್ದುವ ದಾರಿ ಉಂಟಷ್ಟೆ. ಮೊದಲ ಮೂರು ತಿಂಗಳಲ್ಲಿ ಸ್ಕ್ಯಾನಿಂಗ್ ಮಾಡಿಸಿದರೆ ಬಸಿರಿನ ವಯಸ್ಸು ಐದರಿಂದ ಏಳು ದಿನಗಳೊಳಗಿನ ವ್ಯತ್ಯಾಸದಲ್ಲಿ ತಿಳಿಯುತ್ತದೆ. ತಿಂಗಳು ತುಂಬಿದ ಮೇಲೆ ಮಾಡಿಸಿದ ಸ್ಕ್ಯಾನಿಂಗಿಗೆ ಆ ಖಚಿತತೆ ಬಾರದು. ಮೊದಲೇ ಎಣಿಕೆ ಸರಿಪಡಿಸಿದಲ್ಲಿ ಬೇನೆ ಬರಿಸುವ ಪ್ರಸಂಗಗಳೇ ಕಡಮೆಯಾಗುವುದು ಕಂಡುಬಂದಿದೆ. ವಿಚಿತ್ರವೇನೆಂದರೆ, ಬೇನೆ ಬರಿಸುವುದನ್ನು ಪ್ರಬಲವಾಗಿ ವಿರೋಧಿಸುವ ಮನೆಯೇ ಮೂರು ತಿಂಗಳಾಗುವವರೆಗೆ ದೃಷ್ಟಿ ತಾಗೀತೆಂದು ಬಸಿರನ್ನು ಗುಟ್ಟಾಗಿಡುತ್ತದೆ. ತಾಯಿ ಕಾರ್ಡಿನಲ್ಲಿ ಕಡೆಯ ಮುಟ್ಟಿನ ದಿನವನ್ನು ಅಂದಾಜಿನಿಂದ ಬರೆಯಿಸುತ್ತದೆ. ಕಡೆಗೆ ಲೆಕ್ಕ ಸರಿಯಿಲ್ಲವೆಂದು ವೈದ್ಯರೊಡನೆ ಜಗಳಕ್ಕೆ ನಿಲ್ಲುತ್ತದೆ.

ಎಣಿಕೆ ಖಚಿತವಾಗಿರುವಲ್ಲಿ ಕಾಯುವುದರ ಫಲವೇನೆಂಬುದನ್ನು ಊಹೆಯಿಂದ ಹೇಳಬೇಕಾಗಿಲ್ಲ. ಸ್ವೀಡನ್ ದೇಶದ 14 ಆಸ್ಪತ್ರೆಗಳಲ್ಲಿ 2016ರಿಂದ 2018ರವರೆಗೆ 2760 ಗರ್ಭಿಣಿಯರನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ 41 ವಾರಕ್ಕೆ ಬೇನೆ ಬರಿಸಿದರು. ಇನ್ನೊಂದು ಪಂಗಡವನ್ನು 42 ವಾರದವರೆಗೆ ಕಾಯಿಸಿದರು. ಕಾದವರಲ್ಲಿ ಐದು ಮಕ್ಕಳು ಗರ್ಭದಲ್ಲಿಯೇ ಸತ್ತುವು, ಒಂದು ಹುಟ್ಟಿದ ಮೇಲೆ ಸತ್ತಿತು. ಬೇನೆ ಬರಿಸಿದ ಪಂಗಡದಲ್ಲಿ ಒಂದೂ ಸಾಯಲಿಲ್ಲ. ಪರೀಕ್ಷೆಯನ್ನು ಮುಂದುವರಿಸುವುದು ಧರ್ಮವಲ್ಲವೆಂದು ನಡುವೆಯೇ ನಿಲ್ಲಿಸಿಬಿಟ್ಟರು. ಹೊಟ್ಟೆ ಕೊಯ್ದು ಮಗುವನ್ನು ತೆಗೆದ ಪ್ರಮಾಣ ಎರಡು ಪಂಗಡಗಳಲ್ಲಿಯೂ ನೂರಕ್ಕೆ ಹತ್ತರ ಸುಮಾರಿನಲ್ಲಿಯೇ ಇತ್ತು.

ಈ ಕಡೆಯ ಮಾತು ಮುಖ್ಯವಾದುದು. ಬೇನೆ ಬರಿಸಿದರೆ ಸಿಸೇರಿಯನ್ ಖಂಡಿತವೆಂಬ ನಂಬಿಕೆ ಮನೆಮನೆಯಲ್ಲಿಯೂ ಉಂಟು. ಕೆನಡಾದಲ್ಲಿ 3407 ಮಂದಿಯ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬೇನೆ ಬರಿಸಿದವರಲ್ಲಿ ನೂರಕ್ಕೆ 21, ಕಾದವರಲ್ಲಿ ನೂರಕ್ಕೆ 24 ಮಂದಿಗೆ ಸಿಸೇರಿಯನ್ ಆಯಿತು. ಲೆಕ್ಕ ನಂಬಿಕೆಗೆ ತಿರುಗುಮುರುಗಾಗಿದೆ. ಇಂಥ 34 ಪರೀಕ್ಷೆಗಳನ್ನು ಕೂಡಿಸಿ 2020ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಮಕ್ಕಳ ಸಾವು ಬೇನೆ ಬರಿಸಿದ ಪಕ್ಷದಲ್ಲಿ 4, ಕಾದ ಪಕ್ಷದಲ್ಲಿ 25. ಒಂದು ಮಗುವನ್ನು ಉಳಿಸಲು ಸುಮಾರು 544 ಮಂದಿಗೆ ಬೇನೆ ಬರಿಸಬೇಕಾಗುವುದೆಂದು ಅಲ್ಲಿಯೇ ಗಣಿಸಿದೆ. 544ರಲ್ಲಿ ಒಂದು ಅಲ್ಪವಲ್ಲವೆ ಎಂದು ಕೇಳುವವರುಂಟು. ಅಲ್ಪವೋ ಅನಲ್ಪವೋ ಹೇಳಬೇಕಾದವಳು ಆ ಮಗುವನ್ನು ಹೊತ್ತವಳು. ಅವಳಿಗೆ ಈ ಸಂಖ್ಯೆಯನ್ನೇ ತಿಳಿಸದೆ ಅಲ್ಪವೆಂದು ತೀರ್ಮಾನಿಸುವ ಅಧಿಕಾರವನ್ನು ಹಜಾರದಲ್ಲಿ ಕುಳಿತ ಗಂಡಸರಿಗೆ ಕೊಟ್ಟವರಾರು?

ಕೈಕಟ್ಟಿ ಕುಳಿತಿರುವುದನ್ನೇ ಸಿದ್ಧಾಂತ ಮಾಡಿಕೊಂಡ ಕಾಲವೊಂದಿತ್ತು. ಇಂಗ್ಲೆಂಡಿನ ಸಿಂಹಾಸನಕ್ಕೆ ಬರಲಿದ್ದ ರಾಜಕುಮಾರಿ ಷಾರ್ಲೆಟ್ಟಳಿಗೆ 1817ರ ಅಕ್ಟೋಬರ್ 19ರ ಸುಮಾರಿಗೆ ಹೆರಿಗೆಯಾಗಬೇಕೆಂದಿತ್ತು. ಬೇನೆ ಕಂಡುದು ನವೆಂಬರ್ 3ರಂದು. ಪ್ರಕೃತಿಯ ಕೆಲಸದಲ್ಲಿ ಕೈಯಿಡಬಾರದೆಂಬುದು ಅಂದಿನ ಇಂಗ್ಲಿಷ್ ಪ್ರಸೂತಿವೈದ್ಯರ ಮತ. ಸರ್ ರಿಚರ್ಡ್ ಕ್ರಾಫ್ಟನು ಇಕ್ಕಳವಿದ್ದೂ ಬಳಸಲಿಲ್ಲ. ಐವತ್ತು ಗಂಟೆಗಳ ಬೇನೆಯ ಮೇಲೆ ದೊಡ್ಡ ಗಾತ್ರದ ಗಂಡುಮಗು ಸತ್ತು ಹುಟ್ಟಿತು; ಕೆಲವೇ ಗಂಟೆಗಳಲ್ಲಿ ತಾಯಿಯೂ ಸತ್ತಳು. ಮರುವರ್ಷ ಫೆಬ್ರವರಿಯಲ್ಲಿ ಕ್ರಾಫ್ಟನು ಗುಂಡು ಹೊಡೆದುಕೊಂಡನು. ದಿನ ಮೀರಿದುದೊಂದೇ ಈ ಅನರ್ಥಕ್ಕೆ ಕಾರಣವೆಂದು ಹೇಳುವಂತಿಲ್ಲ, ಮತ್ತು ಬೇನೆ ಬರಿಸುವ ನಂಬುಗೆಯ ಔಷಧ ಅವನ ಕೈಯಲ್ಲಿರಲಿಲ್ಲ. ಆಕ್ಸಿಟೋಸಿನ್ ದ್ರವ್ಯವನ್ನು ವಿನ್ಸೆಂಟ್ ಡು ವಿನ್ಯೋ ಪ್ರಯೋಗಶಾಲೆಯಲ್ಲಿ ನಿರ್ಮಿಸಿದುದು 1953ರಲ್ಲಿ. ಅದು ಕೈಗೆ ಬಂದ ಮೇಲೂ 1817ರ ಸಿದ್ಧಾಂತವನ್ನೇ ಹಿಡಿದಿರುವವರಿಗೆ ಕ್ರಾಫ್ಟನಿಗಿದ್ದಷ್ಟು ನೆಪವೂ ಇಲ್ಲ.

ಹಾಗೆಂದು ಆಸ್ಪತ್ರೆಗಳ ಪರವಾಗಿ ಜಯಘೋಷ ಮಾಡುವಂತೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾಡಿದ ಶಿಫಾರಸು ಎರಡಲಗಿನದು: 41 ವಾರ ತುಂಬಿದುದು ಖಚಿತವಿದ್ದಲ್ಲಿ ಬೇನೆ ಬರಿಸಬೇಕು, ಬೇರೆ ತೊಡಕಿಲ್ಲದ ಬಸಿರಿನಲ್ಲಿ ಅದಕ್ಕೆ ಮೊದಲು ಬರಿಸತಕ್ಕದ್ದಲ್ಲ. ಭಾನುವಾರ ಬಿಡುವಿರಲೆಂದು 38 ವಾರಕ್ಕೇ ಬೇನೆ ಬರಿಸುವ ವೈದ್ಯನೂ, ಒಳ್ಳೆಯ ನಕ್ಷತ್ರ ಸಿಕ್ಕಿತೆಂದು ಅದೇ ವಾರದಲ್ಲಿ ಹೊಟ್ಟೆ ಕೊಯ್ಯಿಸುವ ಮನೆಯವರೂ ಒಂದೇ ದೋಣಿಯವರು. 41 ವಾರಕ್ಕೆ ಪ್ರಕೃತಿಯನ್ನು ಮುಟ್ಟಬಾರದೆನ್ನುವ ನಾಲಗೆಯೇ 38 ವಾರಕ್ಕೆ ಪಂಚಾಂಗ ಓದುವುದನ್ನು ಕಂಡವರಿಗೆ, ಪ್ರಕೃತಿಯ ಮೇಲಿನ ಆ ಭಕ್ತಿ ಎಷ್ಟರದೆಂದು ತಿಳಿಯದಿರದು.

ಆಸ್ಪತ್ರೆಯ ದೊಡ್ಡ ಅಪರಾಧವಾದರೋ ಮೌನ. ಚೊಚ್ಚಲ ಹೆರಿಗೆಯವಳನ್ನು ಬೆಳಗ್ಗೆ ಸೇರಿಸಿಕೊಂಡು, ಸಂಜೆಯೊಳಗೆ ಆಗಿಹೋಗುವುದೆಂಬ ಭಾವನೆ ಹುಟ್ಟಿಸಿ, ಮರುದಿನ ರಾತ್ರಿಯವರೆಗೂ ಅವಳೊಡನೆ ಮಾತನಾಡದಿರುವುದುಂಟು. ಗರ್ಭಕೋಶದ ಬಾಯಿ ಮೆತ್ತಗಾಗದೆ ಬೇನೆ ಹಿಡಿಯದು. ಅದನ್ನು ಮೆತ್ತಗಾಗಿಸಲು ಪುಟ್ಟ ಬಲೂನುಳ್ಳ ಕೊಳವೆಯನ್ನಿಡುವುದೋ, ಔಷಧದ ಗುಳಿಗೆಯನ್ನೋ ಲೇಪವನ್ನೋ ಕೊಡುವುದೋ ಮೊದಲ ಹಂತ. ಆಮೇಲೆ ನೀರಿನ ಚೀಲವನ್ನು ಒಡೆಯುವುದು, ಆಕ್ಸಿಟೋಸಿನ್ ಡ್ರಿಪ್ಪು ಹಾಕುವುದು. ಇದಕ್ಕೆ ಒಂದು ದಿನ, ಕೆಲವೊಮ್ಮೆ ಎರಡು ದಿನ ಹಿಡಿಯಬಹುದು. ಬೇನೆ ತಾನಾಗಿ ಬಂದುದಕ್ಕಿಂತ ಬಿರುಸಾಗಿರಬಹುದು. ಹಿಂದೆ ಸಿಸೇರಿಯನ್ ಆದವಳಿಗೆ ಮಿಸೊಪ್ರೋಸ್ಟಾಲ್ ಗುಳಿಗೆ ಸಲ್ಲದು, ಗರ್ಭಕೋಶ ಸೀಳುವ ಭಯವುಂಟು. ಇಷ್ಟನ್ನು ಮುಂಚೆಯೇ ತಿಳಿದವಳು ಎರಡನೆಯ ರಾತ್ರಿಯನ್ನು ಧೈರ್ಯದಿಂದ ಕಳೆಯುತ್ತಾಳೆ. ತಿಳಿಯದವಳು ತನ್ನ ದೇಹದಲ್ಲಿಯೇ ಏನೋ ಕೊರತೆಯಿದೆಯೆಂದು ಅಳುತ್ತಾಳೆ.

ಆಕ್ಸಿಟೋಸಿನ್ನಿನ ದುರುಪಯೋಗವೂ ಕಟ್ಟುಕಥೆಯಲ್ಲ. ನಿಮಿಷಕ್ಕಿಷ್ಟು ಹನಿಯೆಂದು ಎಣಿಸಿ, ಮಗುವಿನ ಎದೆಬಡಿತವನ್ನು ನೋಡುತ್ತ ಕೊಡಬೇಕಾದ ಮದ್ದನ್ನು ಅರೆಬರೆ ಕಲಿತವರು ಬೇಗ ಹೆರಿಗೆಯಾಗಲೆಂದು ಮಾಂಸಕ್ಕೇ ಚುಚ್ಚಿ ಅನರ್ಥ ಮಾಡಿದ್ದಾರೆ. ಎಮ್ಮೆಗಳು ಸೊರೆಬಿಡಲೆಂದು ಅದನ್ನೇ ಚುಚ್ಚುವರೆಂಬ ಕಾರಣದಿಂದ ಕೇಂದ್ರ ಸರ್ಕಾರವು 2018ರಲ್ಲಿ ಅದರ ತಯಾರಿಕೆಯನ್ನು ಕರ್ನಾಟಕ ಆಂಟಿಬಯೋಟಿಕ್ಸ್ ಸಂಸ್ಥೆಯೊಂದಕ್ಕೇ ಮೀಸಲಿಡಹೊರಟಿತು. ತಾಯಂದಿರಿಗೆ ಬೇಕಾದ ಔಷಧಕ್ಕೆ ಬರ ಬಂದೀತೆಂಬ ವಾದವನ್ನು ಕೇಳಿ ದೆಹಲಿ ಉಚ್ಚ ನ್ಯಾಯಾಲಯವು ಅದೇ ಡಿಸೆಂಬರಿನಲ್ಲಿ ಆ ಆಜ್ಞೆಯನ್ನು ರದ್ದುಗೊಳಿಸಿತು. ಹೆರಿಗೆಯಾದೊಡನೆ ರಕ್ತಸ್ರಾವವನ್ನು ತಡೆದು ತಾಯಂದಿರನ್ನು ಉಳಿಸುವುದೂ ಇದೇ ಮದ್ದು. ಕೈ ಕೆಟ್ಟುದೆಂದು ಮದ್ದನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಸೂಲಗಿತ್ತಿಯರ ಕಾಲವನ್ನು ನೆನೆದು ನಿಟ್ಟುಸಿರು ಬಿಡುವವರ ಮಾತಿನಲ್ಲಿ ಒಂದಂಶ ಗ್ರಾಹ್ಯವಾದುದು. ಸೂಲಗಿತ್ತಿ ಪಕ್ಕದಿಂದ ಏಳುತ್ತಿರಲಿಲ್ಲ. ಬೆನ್ನು ನೀವುವ ಕೈಯೊಂದು ಹೆರಿಗೆಯ ಕೋಣೆಯಲ್ಲಿರಲೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಸಂಗಾತಿಯೊಬ್ಬಳನ್ನು ಬಿಡಲು ಕೇಂದ್ರ ಸರ್ಕಾರ 2016ರಲ್ಲಿಯೇ ಒಪ್ಪಿದೆ. ಇಷ್ಟಾದರೂ ಬಾಗಿಲಾಚೆ ತಡೆದು ನಿಲ್ಲಿಸುವ ಕಡೆಗಳಲ್ಲಿ, ತಾಯಿಯೋ ಅತ್ತೆಯೋ ಹೊರಗೆ ನಿಂತು ಪ್ರಕೃತಿಧರ್ಮದ ಚರ್ಚೆ ಮಾಡುವ ಬದಲು ಒಳಗೆ ಬಿಡಿರೆಂದು ಪಟ್ಟು ಹಿಡಿಯುವುದು ಲೇಸು.

ಒಪ್ಪಿಗೆಯ ಕಾಗದದ ಮೇಲೆ ಗಂಡನ ಸಹಿಯೋ ತಂದೆಯ ಸಹಿಯೋ ಬೀಳುವುದು ವಾಡಿಕೆ. ಪ್ರಾಯಕ್ಕೆ ಬಂದು ಬುದ್ಧಿ ಸ್ವಸ್ಥವಿರುವ ಹೆಂಗಸಿನ ಬದಲು ಅವಳ ತಾಯಿ ಕೊಟ್ಟ ಒಪ್ಪಿಗೆಯೂ ಸಲ್ಲದೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪಿತ್ತಿದೆ. ಮಂಚದ ಮೇಲೆ ಕುಳಿತವಳು ಕೇಳಬೇಕಾದುದು ಹೆಚ್ಚಿಲ್ಲ. ಎಷ್ಟು ವಾರವಾಯಿತು, ಯಾವ ಎಣಿಕೆಯಿಂದ? ಇನ್ನು ಕಾದರೆ ಏನಾಗಬಹುದು, ಕಾಯುವುದಾದರೆ ಮಗುವನ್ನು ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸುವಿರಿ? ಬೇನೆ ಬರಿಸಿದರೆ ಎಷ್ಟು ಹೊತ್ತು, ಹಿಡಿಯದಿದ್ದರೆ ಮುಂದೇನು? ಇವಕ್ಕೆ ಉತ್ತರ ಹೇಳಲು ವೈದ್ಯರಿಗೆ ಹತ್ತು ನಿಮಿಷ ಸಾಕು.