ಅಂದಾಜುಪಟ್ಟಿಯಲ್ಲಿ ಕಾಣದ ಗುಡ್ಡ

ಇಂದಿರಾನಗರದ ಹಳೆಯ ಮನೆಯೊಂದರ ಮೇಲೆ ಹತ್ತು ಚದರದ ಮಹಡಿ ಏರಿಸಬೇಕೆಂದು ಮನೆಯೊಡೆಯರು ನಿಶ್ಚಯಿಸಿದಾಗ ಮೊದಲು ಕೇಳುವ ಪ್ರಶ್ನೆ ಒಂದೇ: ಚದರಡಿಗೆ ಎಷ್ಟು? ಮೇಸ್ತ್ರಿ ಒಂದು ಸಂಖ್ಯೆ ಹೇಳುತ್ತಾರೆ, ಎಂಜಿನಿಯರು ಇನ್ನೊಂದು ಹೇಳುತ್ತಾರೆ. ಎರಡರ ನಡುವಿನ ಒಂದನ್ನು ಹಿಡಿದು ಸಾವಿರದಿಂದ ಗುಣಿಸಿದರೆ ಅಂದಾಜು ಮುಗಿಯಿತು. ಬ್ಯಾಂಕು ಅದರ ಮೇಲೆಯೇ ಸಾಲ ಕೊಡುತ್ತದೆ. ಇಷ್ಟು ಸರಳವಾದ, ಇಷ್ಟು ಸುಳ್ಳಾದ ಲೆಕ್ಕ ಮತ್ತೊಂದಿರಲಾರದು.

ಚದರಡಿಯ ದರ ಹುಟ್ಟಿದ್ದು ಖಾಲಿ ನಿವೇಶನದಲ್ಲಿ ಹೊಸದಾಗಿ ಕಟ್ಟುವ ಮನೆಗಾಗಿ. ಇರುವ ಮನೆಯನ್ನು ವಿಸ್ತರಿಸುವ ಕೆಲಸದ ಸ್ವಭಾವವೇ ಬೇರೆ. ಹಳೆಯ ಪಾಯ ಮೇಲಿನ ಭಾರ ಹೊರುತ್ತದೆಯೇ ಎಂದು ಅಗೆದು ನೋಡಬೇಕು. ತಾರಸಿಯ ಗಾರೆ ಕೆತ್ತಬೇಕು, ನೀರಿನ ತೊಟ್ಟಿ ಸ್ಥಳಾಂತರಿಸಬೇಕು, ಪೈಪು ಮತ್ತು ವೈರಿಂಗ್ ಬಿಚ್ಚಿ ಮತ್ತೆ ಜೋಡಿಸಬೇಕು. ಶಿವಾಜಿನಗರದ ಓಣಿಗಳಲ್ಲಿ ಲಾರಿ ಒಳಗೆ ಬರುವುದಿಲ್ಲ. ಜಲ್ಲಿ, ಇಟ್ಟಿಗೆಗಳೆಲ್ಲ ತಲೆಹೊರೆಯಲ್ಲೇ ಸಾಗಬೇಕು. ಇವು ಯಾವುವೂ ಚದರಡಿಯ ದರದಲ್ಲಿಲ್ಲ. ಅರ್ಧ ಕೆಲಸವಾದ ಮೇಲೆ ‘ಎಕ್ಸ್‌ಟ್ರಾ’ ಎಂಬ ಹೆಸರಿನಲ್ಲಿ ಒಂದೊಂದಾಗಿ ಹೊರಬರುತ್ತವೆ.

ಮನೆಯೊಡೆಯರಿಗೆ ಆಗುವ ಈ ನಷ್ಟವನ್ನು ಅವರೇ ನೋಡಿಕೊಳ್ಳುತ್ತಾರೆ. ಬೆಟ್ಟದ ಸೀಮೆಯ ಓದುಗರು ಕೇಳಬೇಕಾದ ಪ್ರಶ್ನೆ ಬೇರೆ. ಆ ಪಟ್ಟಿ ಯಾವ ನದಿ, ಯಾವ ಬಂಡೆ, ಯಾವ ಹೊಲದ ವೆಚ್ಚವನ್ನು ಸೊನ್ನೆಯೆಂದು ಬರೆದುಕೊಂಡಿದೆ?

ಹತ್ತು ಚದರದ ತಾರಸಿಯೊಂದನ್ನೇ ತೆಗೆದುಕೊಳ್ಳೋಣ. ತೊಲೆ, ಕಂಬಗಳನ್ನು ಬಿಡೋಣ. ಐದಂಗುಲ ದಪ್ಪಕ್ಕೆ ಸುಮಾರು 417 ಘನ ಅಡಿ ಕಾಂಕ್ರೀಟ್ ಬೇಕು. 1:1½:3ರ ಮಿಶ್ರಣದಲ್ಲಿ ಇದು ಸುಮಾರು 95 ಚೀಲ ಸಿಮೆಂಟು, 175 ಘನ ಅಡಿ ಮರಳು, 350 ಘನ ಅಡಿ ಜಲ್ಲಿಯಾಗುತ್ತದೆ. ಜಲ್ಲಿಯೊಂದೇ 15 ಟನ್ನಿನ ಆಸುಪಾಸು. ಗೋಡೆಗಳಿಗೆ ಹತ್ತು ಸಾವಿರ ಇಟ್ಟಿಗೆ ಹಿಡಿದರೆ, ಇಟ್ಟಿಗೆಗೆ ಮೂರು ಕಿಲೋದಂತೆ 30 ಟನ್ ಮಣ್ಣು. ಒಂದು ಎಕರೆ ಹೊಲದ ಮೇಲಿನ ಆರಂಗುಲ ಮಣ್ಣಿನ ತೂಕ ಸುಮಾರು 900 ಟನ್. ಅಂದರೆ ಮಹಡಿಯ ಗೋಡೆಗಾಗಿ ಒಂದೂಕಾಲು ಗುಂಟೆಯಷ್ಟು ಜಮೀನು ತನ್ನ ಮೇಲ್ಮಣ್ಣನ್ನೆಲ್ಲ ಕಳೆದುಕೊಂಡಂತಾಯಿತು. ಒಂದಂಗುಲ ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷ ಬೇಕೆಂಬುದು ಮಣ್ಣುವಿಜ್ಞಾನದ ಮೊದಲ ಪಾಠ. ಮಾಲೂರಿನ ಕಡೆಯಿಂದ ಬರುವ ಇಟ್ಟಿಗೆಯ ಬೆಲೆಯಲ್ಲಿ ಸೌದೆ, ಕೂಲಿ, ಡೀಸೆಲ್‌ಗಳಿವೆ. ಮಣ್ಣಿಗೆ ರೈತನಿಗೆ ಕೊಟ್ಟ ಚಿಲ್ಲರೆಯೂ ಇದೆ. ಹೊಲ ಕಳೆದುಕೊಂಡ ಫಲವತ್ತತೆ ಮಾತ್ರ ಇಲ್ಲ.

ಮರಳಿನ ವಿಷಯ ಎತ್ತಿದೊಡನೆ ಸಿದ್ಧ ಉತ್ತರವೊಂದು ಬರುತ್ತದೆ: ಈಗ ಎಲ್ಲರೂ ಎಂ ಸ್ಯಾಂಡ್ ಬಳಸುತ್ತಾರೆ, ನದಿ ಉಳಿಯಿತು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ನದಿಯ ಒಡಲು ಬಗೆಯುವುದು ಕೆಲವೆಡೆ ಕಡಿಮೆಯಾದರೆ ಅದು ಒಳ್ಳೆಯದೇ. ಆದರೆ ಎಂ ಸ್ಯಾಂಡ್ ಆಕಾಶದಿಂದ ಉದುರುವುದಿಲ್ಲ. ಬಂಡೆಗೆ ಸಿಡಿಮದ್ದಿಟ್ಟು, ಕ್ರಷರಿನಲ್ಲಿ ಅರೆದು, ನೀರಿನಲ್ಲಿ ತೊಳೆದು ಮಾಡುವ ಪುಡಿ ಅದು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಗೆಂದು ತಂದ ಸ್ಫೋಟಕ ಸಿಡಿದು ಕಾರ್ಮಿಕರು ಛಿದ್ರವಾದರು. ದೂರದ ಊರುಗಳ ಜನ ಭೂಕಂಪವೆಂದು ಮನೆಬಿಟ್ಟು ಓಡಿದರು. ತಿಂಗಳೊಂದು ಕಳೆದಿತ್ತಷ್ಟೇ, ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ಸಣ್ಣ ಗಣಿಗಳಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು 2012ರಲ್ಲಿ. ಜಲ್ಲಿ ಯಾವ ಕ್ವಾರಿಯದು, ಅದಕ್ಕೆ ಅನುಮತಿ ಇದೆಯೇ ಎಂದು ಬೆಂಗಳೂರಿನಲ್ಲಿ ಮಹಡಿ ಕಟ್ಟಿಸುವ ಎಷ್ಟು ಮಂದಿ ಕೇಳುತ್ತಾರೆ? ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ. 28ರಿಂದ ಶೇ. 18ಕ್ಕೆ ಇಳಿದದ್ದು ಮಾತ್ರ ಎಲ್ಲರಿಗೂ ಗೊತ್ತು.

ನೀರಿನದೂ ಇದೇ ಕಥೆ. ಹಾಕಿದ ತಾರಸಿಯ ಮೇಲೆ ಕಟ್ಟೆ ಕಟ್ಟಿ ಎರಡಂಗುಲ ನೀರು ನಿಲ್ಲಿಸಿದರೆ ಒಂದು ಸಲಕ್ಕೆ ಸುಮಾರು 4,700 ಲೀಟರ್. ಇಂಗಿದಂತೆ, ಆರಿದಂತೆ ವಾರಕ್ಕೂ ಮೀರಿ ಮತ್ತೆ ತುಂಬಿಸುತ್ತಿರಬೇಕು. ತಲಕಾವೇರಿಯ ಬೆಟ್ಟದಲ್ಲಿ ಹುಟ್ಟಿದ ನೀರನ್ನು ನೂರು ಕಿಲೋಮೀಟರು ದೂರದಿಂದ ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆತ್ತಿ ತಂದ ಊರು ಇದು. 2024ರ ಮಾರ್ಚಿನ ಬರದಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿತು. ಆಗ ಮಾತ್ರ ನೀರಿಗೂ ಬೆಲೆಯಿದೆಯೆಂದು ಗುತ್ತಿಗೆದಾರರಿಗೆ ನೆನಪಾಯಿತು.

ಇನ್ನು ಒಡೆದದ್ದರ ಲೆಕ್ಕ. ದಂಡು ಪ್ರದೇಶದ ಹಳೆಯ ಮನೆಗಳಲ್ಲಿ ಸುಣ್ಣದ ಗಾರೆ, ತೇಗದ ತೊಲೆ, ಮದ್ರಾಸ್ ತಾರಸಿ, ಮಂಗಳೂರು ಹೆಂಚು ಇವೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಳೆಯ ಹೆಂಚು ಇಂದಿಗೂ ಮಳೆ ತಡೆಯುತ್ತದೆ. ತೇಗದ ತೊಲೆಯೆಂದರೆ ಘಟ್ಟದ ಕಾಡು ಒಮ್ಮೆ ತೆತ್ತ ಕಪ್ಪ. ಅಂದಾಜುಪಟ್ಟಿ ಈ ಸಾಮಗ್ರಿಗೆ ಕಟ್ಟುವ ಬೆಲೆ ಸೊನ್ನೆ. ಹಾಗಾಗಿ ‘ರಿಪೇರಿಗಿಂತ ಒಡೆದು ಕಟ್ಟುವುದೇ ಅಗ್ಗ’ ಎಂಬ ತೀರ್ಪು ತಾನಾಗಿ ಬರುತ್ತದೆ. ಒಡೆದ ರಾಶಿ ರಾತ್ರಿಯ ಟ್ರ್ಯಾಕ್ಟರಿನಲ್ಲಿ ಕೆ.ಆರ್. ಪುರದ ಕಡೆಯ ಕೆರೆಯಂಚಿಗೋ ರಾಜಕಾಲುವೆಗೋ ಸೇರುತ್ತದೆ. ಮಳೆಗಾಲದಲ್ಲಿ ಅದೇ ಕಾಲುವೆ ಉಕ್ಕಿದಾಗ ಪ್ರಕೃತಿ ವಿಕೋಪವೆಂದು ಬರೆಯುತ್ತಾರೆ! 2016ರ ಕಟ್ಟಡ ತ್ಯಾಜ್ಯ ನಿಯಮಗಳು ವಿಲೇವಾರಿ ಯೋಜನೆ ಕೇಳಿದ್ದು ದಿನಕ್ಕೆ 20 ಟನ್ ಅಥವಾ ತಿಂಗಳಿಗೆ ಒಂದು ಯೋಜನೆಗೆ 300 ಟನ್ ಮೀರಿದವರಿಂದ ಮಾತ್ರ. ಮಹಡಿ ಏರಿಸುವವರು ಆ ಮಿತಿಯ ಕೆಳಗೇ ನುಸುಳಿದರು. 2025ರ ಸೆಪ್ಟೆಂಬರಿನಲ್ಲಿ ನಗರ ಐದು ಪಾಲಿಕೆಗಳಾಯಿತು. ಶಿವಾಜಿನಗರ ಕೇಂದ್ರಕ್ಕೆ ಸೇರಿತು, ಕೆ.ಆರ್. ಪುರ ಪೂರ್ವಕ್ಕೆ. ಒಂದರ ಕಸ ಇನ್ನೊಂದರ ಕೆರೆಗೆ ಬಿದ್ದರೆ ಕೇಳುವವರು ಯಾರು?

ಸೆಟ್‌ಬ್ಯಾಕ್ ನುಂಗಿ ಕಟ್ಟುವವರ ಪಟ್ಟಿಯಲ್ಲಿ ಮುಂದೆ ಕಟ್ಟಬಹುದಾದ ದಂಡಕ್ಕೂ ಒಂದು ಮೂಲೆ ಇರುತ್ತದೆ. ಮನೆಗಳಲ್ಲಿ ಶೇ. 50ರವರೆಗಿನ ಉಲ್ಲಂಘನೆಯನ್ನು ಸಕ್ರಮಗೊಳಿಸಲು ಹೊರಟ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ ಬಿದ್ದರೂ ಈ ಆಸೆ ಬತ್ತಿಲ್ಲ.

ಹಾಗೆಂದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಹಲಸೂರಿನ ಓಣಿಯಲ್ಲಿ ಮಗನ ಮದುವೆಗೆ ಮುನ್ನ ಒಂದು ಕೋಣೆ ಏರಿಸುವ ಸಂಸಾರದ ಮೇಲೆ ಯಾರೂ ಬೆರಳು ತೋರಬೇಕಿಲ್ಲ. ಗಟ್ಟಿಮುಟ್ಟಾದ ಮನೆಯನ್ನು ಬಾಡಿಗೆಯಾಸೆಗೆ ನೆಲಸಮ ಮಾಡುವವರಿದ್ದಾರೆ, ಅವರಲ್ಲಿ ಘಟ್ಟದಿಂದ ಹೋಗಿ ನೆಲೆಸಿದವರೂ ಇದ್ದಾರೆ. ಪ್ರಶ್ನೆ ಅವರಿಗೆ.

ಕೆಲಸ ಕಷ್ಟದ್ದೇನಲ್ಲ. ಚದರಡಿಯ ದರವನ್ನು ನಿರಾಕರಿಸಿ ಬಾಬುವಾರು ಪರಿಮಾಣಪಟ್ಟಿ ಕೇಳಬೇಕು: ಎಷ್ಟು ಚೀಲ, ಎಷ್ಟು ಘನ ಅಡಿ, ಯಾವ ಕ್ವಾರಿಯದು, ಯಾವ ಪರವಾನಗಿಯದು. ಹಳೆಯ ಕಲ್ಲು, ಮರ, ಹೆಂಚುಗಳ ಬೆಲೆಯನ್ನು ಜಮೆಯ ಕಡೆ ಬರೆಯಬೇಕು. ನೀರಿನ ಮೂಲಕ್ಕೆ ಒಂದು ಸಾಲು, ಒಡೆದ ರಾಶಿ ಸೇರುವ ಅಧಿಕೃತ ಜಾಗಕ್ಕೂ ಅದರ ಸಾಗಣೆಗೂ ಒಂದು ಸಾಲು ಇರಬೇಕು. ಈ ಸಾಲುಗಳಿಲ್ಲದ ಅಂದಾಜಿಗೆ ಬ್ಯಾಂಕು ಸಾಲ ಕೊಡಬಾರದು, ಪಾಲಿಕೆ ನಕ್ಷೆ ಮಂಜೂರು ಮಾಡಬಾರದು. ಹಾಗೆ ಬರೆದ ಪಟ್ಟಿಯಲ್ಲಿ ಎಷ್ಟು ಮನೆಗಳ ರಿಪೇರಿ ಒಡೆದು ಕಟ್ಟುವುದಕ್ಕಿಂತ ಅಗ್ಗವಾಗಿ ಕಾಣುತ್ತದೆಯೆಂಬುದನ್ನು ಎಂಜಿನಿಯರುಗಳೇ ಕೂಡಿಸಿ ನೋಡಲಿ.