ದಾಖಲೆ ಉಳಿದರೆ ಸಾಲದು, ಮಾತನಾಡಬೇಕು

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್‌ನಲ್ಲಿ ದೇಶವ್ಯಾಪಿ ಚಾಲನೆ ಪಡೆದಾಗ ಹೆಚ್ಚು ಚರ್ಚೆಯಾದದ್ದು 14 ಅಂಕಿಗಳ ಗುರುತಿನ ಸಂಖ್ಯೆ. ಆ ಸಂಖ್ಯೆಗೆ ಜೋಡಣೆಯಾಗುವ ದಾಖಲೆ ಯಾವ ರೂಪದಲ್ಲಿರಬೇಕು ಎಂಬುದೇ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯ ಪ್ರಶ್ನೆ.

ಕಾಗದವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿಸಿದರೆ ಗಣಕೀಕರಣ ಮುಗಿಯಿತೆಂಬ ಭಾವನೆ ನಮ್ಮಲ್ಲಿದೆ. ವಾಸ್ತವವಾಗಿ ಅದು ಬರಿಯ ಚಿತ್ರ. ರೋಗಿಗೆ ಪೆನಿಸಿಲಿನ್ ಒಗ್ಗದು ಎಂಬ ಸಾಲು ಅದರ ಹತ್ತನೆಯ ಪುಟದಲ್ಲಿದ್ದರೂ, ಅದೇ ಔಷಧ ಬರೆಯಹೊರಟ ವೈದ್ಯರನ್ನು ಗಣಕಯಂತ್ರ ಎಚ್ಚರಿಸಲಾರದು. ಎಚ್‌ಎಲ್‌7 ಸಂಸ್ಥೆಯ 'ಫೈರ್' ಮಾನದಂಡ ಅಲರ್ಜಿ, ಔಷಧ, ರಕ್ತಪರೀಕ್ಷೆಯ ಫಲಿತಾಂಶಗಳನ್ನು ಬಿಡಿಬಿಡಿ ಘಟಕಗಳಾಗಿ ಇಡುವುದರಿಂದ ಅಂಥ ಎಚ್ಚರಿಕೆ ಸಾಧ್ಯ. ಮಿಷನ್ ಒಪ್ಪಿಕೊಂಡಿರುವುದೂ ಇದನ್ನೇ. ಆದರೆ ಅದರೊಳಗೆ ಸ್ಕ್ಯಾನ್ ಪ್ರತಿಯನ್ನೇ ಸೇರಿಸಿ ಕಳುಹಿಸಲೂ ಅವಕಾಶವಿದೆ. ಹೊದಿಕೆ ಹೊಸತು, ಒಳಗಿರುವುದು ಹಳೆಯ ಚಿತ್ರವೇ.

ಹಾಗೆಂದು ಪಿಡಿಎಫ್ ತ್ಯಾಜ್ಯವಲ್ಲ. ವೈದ್ಯರು ಸಹಿ ಮಾಡಿದ ಡಿಸ್ಚಾರ್ಜ್ ಸಾರಾಂಶ ದಶಕಗಳ ನಂತರವೂ, ನ್ಯಾಯಾಲಯದಲ್ಲೂ, ಯಥಾವತ್ತಾಗಿ ಕಾಣಬೇಕು. 2005ರಲ್ಲಿ ಐಎಸ್‌ಒ ಮಾನದಂಡವಾದ 'ಪಿಡಿಎಫ್/ಎ' ರೂಪುಗೊಂಡದ್ದೇ ದೀರ್ಘಕಾಲದ ಸಂರಕ್ಷಣೆಗಾಗಿ. ಅಕ್ಷರವಿನ್ಯಾಸವನ್ನೂ ತನ್ನೊಳಗೇ ಇರಿಸಿಕೊಳ್ಳುವ ಅದರಲ್ಲಿ ಕನ್ನಡದ ಒತ್ತಕ್ಷರಗಳು ಚೆದುರುವ ಭಯವಿಲ್ಲ.

ಆದ್ದರಿಂದ ಬೇಕಿರುವುದು ಎರಡೂ: ಚಿಕಿತ್ಸೆಗೆ ಫೈರ್, ಸಾಕ್ಷ್ಯಕ್ಕೆ ಪಿಡಿಎಫ್/ಎ. ಸಣ್ಣ ನರ್ಸಿಂಗ್ ಹೋಂಗಳಿಗೆ ಇದು ಹೊರೆಯೆಂಬ ಆಕ್ಷೇಪ ನಿಜ. ಆರಂಭದಲ್ಲಿ ಅಲರ್ಜಿ, ಔಷಧ, ಪ್ರಯೋಗಾಲಯದ ವರದಿ ಈ ಮೂರನ್ನಷ್ಟೇ ಕಡ್ಡಾಯಗೊಳಿಸಿ, ತಂತ್ರಾಂಶವನ್ನು ಸರ್ಕಾರವೇ ಉಚಿತವಾಗಿ ಒದಗಿಸಲಿ. ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿ 2002ರಲ್ಲೇ ನಿಯಮ ಮಾಡಿತ್ತು. ಮುಂದಿನ ವೈದ್ಯರಿಗೆ ಉಪಯೋಗಕ್ಕೆ ಬಾರದ ರೂಪದಲ್ಲಿ ಕೊಟ್ಟರೆ ಆ ಹಕ್ಕಿಗೆ ಅರ್ಥವೇನು?