ಅದ್ಭುತ ಕಥೆಯೂ ಪಾತ್ರಸೃಷ್ಟಿಯೂ

ಅದ್ಭುತ ಕಥೆ ಬರೆಯುವುದು ಬಹು ಸುಲಭವೆಂಬ ಭಾವನೆ ನಮ್ಮ ವಿದ್ಯಾರ್ಥಿ ಮಿತ್ರರಲ್ಲಿ ಬೇರೂರಿಬಿಟ್ಟಿದೆ. ಸಾಮಾಜಿಕ ಕಥೆಗಾದರೆ ಊರು, ಕೇರಿ, ಸಂಬಳ, ಸಾಲ ಎಲ್ಲಕ್ಕೂ ಲೆಕ್ಕ ಕೊಡಬೇಕು. ಅದ್ಭುತ ಕಥೆಗೆ ಅಂತಹ ಕಟ್ಟುಪಾಡೇನೂ ಇಲ್ಲ, ಕಲ್ಪನೆಯ ಕುದುರೆಗೆ ಕಡಿವಾಣ ಬಿಚ್ಚಿದರೆ ಆಯಿತು ಎಂದು ಅವರು ಹೇಳುತ್ತಾರೆ. ಇದು ನನಗೆ ಒಪ್ಪಿಗೆಯಾಗದ ಮಾತು. ಅದ್ಭುತ ಕಥೆಯಷ್ಟು ಬಿಗಿಯಾದ ಲೆಕ್ಕ ಬೇಡುವ ಬರವಣಿಗೆ ಇನ್ನೊಂದಿಲ್ಲ. ಆ ಲೆಕ್ಕ ತಪ್ಪಿದಲ್ಲಿ ಮೊದಲು ಕೆಡುವುದು ಪಾತ್ರ.

ಈ ವರ್ಷ ತರಗತಿಯಲ್ಲಿ ಕೈಯಿಂದ ಕೈಗೆ ಸುತ್ತಿದ ಕೆಲವು ಹಸ್ತಪ್ರತಿಗಳನ್ನು ನಾನೂ ಓದಿದೆ. ಬರೆದ ಮಿತ್ರರು ಕ್ಷಮಿಸಬೇಕು. ನಾಯಕನಿಗೆ ಒಂದು ಮಂತ್ರದ ಕತ್ತಿ. ಕತ್ತಿ ಸಾಲದೆ ಬಂದಾಗ ಹಾರುವ ಶಕ್ತಿ. ಅದೂ ಸಾಲದಿದ್ದರೆ ಗುರುವಿನ ವರ. ಕಷ್ಟ ಬಂದಂತೆಲ್ಲ ಶಕ್ತಿಯೂ ಒದಗುತ್ತ ಹೋಗುತ್ತದೆ. ಇವನಿಗೆ ಏನೂ ಆಗದೆಂದು ಎರಡನೆಯ ಪುಟದಲ್ಲೇ ಗೊತ್ತಾದ ಮೇಲೆ ಅವನು ಬೆಂಕಿಗೆ ಹಾರಿದರೇನು, ಕಡಲಿಗೆ ಬಿದ್ದರೇನು? ಅವನಿಗಿಂತ ಅವನ ಕುದುರೆಯ ಮೇಲೆ ನನಗೆ ಹೆಚ್ಚು ಮರುಕ ಹುಟ್ಟಿತು. ಪಾಪ, ಅದಕ್ಕೆ ಯಾವ ವರವೂ ಇರಲಿಲ್ಲ.

ಬೇತಾಳನ ಕಥೆಯನ್ನು ನೋಡಿ. ‘ಚಂದಮಾಮ’ದ ಮೂಲಕ ಅದನ್ನು ಬಲ್ಲವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ, ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ‘ಕಥಾಸರಿತ್ಸಾಗರ’ದಲ್ಲಿಯೂ ಅದುಂಟು. ಉತ್ತರ ಗೊತ್ತಿದ್ದೂ ಅರಸ ಸುಮ್ಮನಿದ್ದರೆ ಅವನ ತಲೆ ಸಿಡಿಯುತ್ತದೆ. ಬಾಯಿ ಬಿಟ್ಟರೆ ಹೆಣ ಹಾರಿ ಮತ್ತೆ ಮರಕ್ಕೆ ಸೇರುತ್ತದೆ. ಮಾತಾಡದಿದ್ದರೆ ಪ್ರಾಣಕ್ಕೆ ಕುತ್ತು, ಮಾತಾಡಿದರೆ ಕೆಲಸ ಕೆಟ್ಟಿತು. ಅರಸನು ಛಲವಂತನೆಂದು ಕಥೆಗಾರ ಬಾಯಿ ಬಿಟ್ಟು ಹೇಳಬೇಕಾಗಿಯೇ ಇಲ್ಲ. ಕೊಟ್ಟ ಮಾತಿಗಾಗಿ ಅವನು ಮತ್ತೊಮ್ಮೆ ಆ ಮರದ ಕಡೆಗೆ ಹೆಜ್ಜೆ ಹಾಕುತ್ತಾನಲ್ಲ, ಅಷ್ಟು ಸಾಕು.

ಇದಕ್ಕಿಂತಲೂ ನನಗೆ ಪ್ರಿಯವಾದದ್ದು ಹೂವಿನ ಮರವಾಗುವ ಹುಡುಗಿಯ ಕಥೆ. ಎ. ಕೆ. ರಾಮಾನುಜನ್ ಅವರೂ ಇತರ ಜಾನಪದ ವಿದ್ವಾಂಸರೂ ಕರ್ನಾಟಕದಲ್ಲಿ ಇದರ ಹಲವು ಪಾಠಗಳನ್ನು ಸಂಗ್ರಹಿಸಿದ್ದಾರೆ. ಬಡ ತಾಯಿ, ಇಬ್ಬರು ಹೆಣ್ಣುಮಕ್ಕಳು. ತಾಯಿಯ ಕಷ್ಟ ನೋಡಲಾರದೆ ಕಿರಿಯವಳು ಅಕ್ಕನಿಗೆ ಹೇಳುತ್ತಾಳೆ: ಒಂದು ಬಿಂದಿಗೆ ನೀರು ಸುರಿದರೆ ನಾನು ಹೂವಿನ ಮರವಾಗುತ್ತೇನೆ, ಕುಡಿ ಮುರಿಯದಂತೆ, ಎಲೆ ಹರಿಯದಂತೆ ಹೂ ಬಿಡಿಸಿಕೊ, ಆಮೇಲೆ ಇನ್ನೊಂದು ಬಿಂದಿಗೆ ನೀರು ಸುರಿ, ಮತ್ತೆ ಹುಡುಗಿಯಾಗುತ್ತೇನೆ. ಹೂ ಮಾರಿ ಮನೆ ನಡೆಯುತ್ತದೆ. ಮುಂದೆ ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ನಾದಿನಿ ಅವಳನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಬಲವಂತದಿಂದ ಮರವಾಗಿಸಿ, ಗೆಳತಿಯರೊಡನೆ ಕೊಂಬೆ ಮುರಿದು ಹೂ ಕಿತ್ತು, ಎರಡನೆಯ ನೀರನ್ನು ಹೇಗೋ ಚೆಲ್ಲಿ ಓಡಿಬಿಡುತ್ತಾಳೆ. ಉಳಿಯುವುದು ಕೈಕಾಲಿಲ್ಲದ ದೇಹ.

ಇಲ್ಲಿಯ ಮಾಯೆ ಎಷ್ಟು ಚಿಕ್ಕದು, ಎಷ್ಟು ಕಟ್ಟುನಿಟ್ಟಿನದು! ಮರವಾದ ಮೇಲೆ ಹುಡುಗಿ ತನ್ನ ನೀರನ್ನು ತಾನೇ ಸುರಿದುಕೊಳ್ಳಲಾರಳು. ಅವಳ ಶಕ್ತಿಯೇ ಅವಳನ್ನು ಇನ್ನೊಬ್ಬರ ಕೈಗೆ ಒಪ್ಪಿಸಿಬಿಡುತ್ತದೆ. ಹೀಗಾಗಿ ಸುತ್ತಲಿನವರ ಸ್ವಭಾವವೆಲ್ಲ ಅವರು ಹೂ ಬಿಡಿಸುವ ರೀತಿಯಲ್ಲೇ ಹೊರಬೀಳುತ್ತದೆ. ಅಕ್ಕ ಮೆಲ್ಲಗೆ ಬಿಡಿಸುತ್ತಾಳೆ. ಗಂಡನೂ ಬಿಡಿಸುತ್ತಾನೆ, ಆದರೆ ಅವನಿಗೆ ಹೂ ಬೇಕಾದದ್ದು ಹಾಸಿಗೆಯ ಸೊಗಸಿಗೆ. ನಾದಿನಿ ಕೀಳುತ್ತಾಳೆ. ಪಾತ್ರ ಪರಿಚಯಕ್ಕೆಂದು ಇನ್ನೊಂದು ವಾಕ್ಯವೂ ಬೇಡ.

ನಮ್ಮ ಮನೆತನದಲ್ಲಿ ಪದವಿಯವರೆಗೆ ಬಂದವನು ನಾನೇ ಮೊದಲಿಗ. ಈ ಕಥೆ ಹೇಳುತ್ತಿದ್ದ ನನ್ನ ಅಜ್ಜಿಗೆ ಅಕ್ಷರ ಬಾರದು. ಆದರೆ ಅವಳು ಎರಡನೆಯ ಬಿಂದಿಗೆಯನ್ನು ಮರೆತು ಮುಂದೆ ಹೋದರೆ ಮಕ್ಕಳು ಬಿಡುತ್ತಿರಲಿಲ್ಲ, ‘ಅಜ್ಜಿ, ನೀರು?’ ಎಂದು ತಡೆಯುತ್ತಿದ್ದೆವು. ಕಥೆಯ ಲೆಕ್ಕ ನಮಗೆ ಅಷ್ಟು ಚೆನ್ನಾಗಿ ತಿಳಿದಿತ್ತು. ಹೀಗಿದ್ದೂ ಹಳ್ಳಿಯಿಂದ ಬಂದವರಲ್ಲಿ ಅನೇಕರು ಇಂತಹ ಕಥೆಗಳನ್ನು ಕಾಲೇಜಿನ ಗೇಟಿನ ಹೊರಗೇ ಬಿಟ್ಟು ಬರುತ್ತಾರೆ. ಅವು ಸಾಹಿತ್ಯವಲ್ಲವಂತೆ! ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಚಿತ್ರ ಮಾಡಿದ್ದು ಇದೇ ಕಥೆಯಿಂದ. ಅಮೆರಿಕದ ಜಾನ್ ಆಡಮ್ಸ್ ಇದನ್ನೇ ಸಂಗೀತ ನಾಟಕವಾಗಿಸಿ 2006ರಲ್ಲಿ ವಿಯೆನ್ನಾ ನಗರದಲ್ಲಿ ಆಡಿಸಿದರು. ವಿಯೆನ್ನಾಕ್ಕೆ ಹೋಗಿ ಬಂದ ಮೇಲಾದರೂ ನಮ್ಮ ಅಜ್ಜಿಯರ ಕಥೆಗೆ ಇಲ್ಲಿ ಒಂದು ಮಣೆ ಸಿಗಬೇಡವೆ?

ಹೊರಗಿನದನ್ನು ಓದಬಾರದೆಂದು ನನ್ನ ವಾದವಲ್ಲ. ಟಾಲ್ಕಿನ್ 1937ರಲ್ಲಿ ಪ್ರಕಟಿಸಿದ ‘ದಿ ಹಾಬಿಟ್’ ಕಾದಂಬರಿಯ ಬಿಲ್ಬೊ ಮಹಾ ಸಾಹಸಕ್ಕೆ ಹೊರಟವನು, ಕರವಸ್ತ್ರ ಮರೆತು ಬಂದೆನೆಂದು ಪೇಚಾಡುತ್ತಾನೆ. 1954-55ರಲ್ಲಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಫ್ರೋಡೊ ಅಷ್ಟು ದೂರ ಹೊತ್ತು ತಂದ ಉಂಗುರವನ್ನು ಕಡೆಯ ಗಳಿಗೆಯಲ್ಲಿ ಬೆಂಕಿಗೆ ಎಸೆಯಲಾರದೆ ಹೋಗುತ್ತಾನೆ. ನಮ್ಮ ಮಿತ್ರರು ಅಲ್ಲಿಂದ ಡ್ರ್ಯಾಗನ್ ತಂದರು, ಕುಳ್ಳರನ್ನು ತಂದರು. ಕರವಸ್ತ್ರವನ್ನು ಮಾತ್ರ ತರಲಿಲ್ಲ.

ಅದ್ಭುತ ಕಥೆಯೆಂದರೆ ಬದುಕಿಗೆ ಬೆನ್ನು ತಿರುಗಿಸುವುದೆಂದು ಕೆಲವು ಹಿರಿಯರ ಆಕ್ಷೇಪಣೆ. ಕಾರ್ನಾಡರ ‘ನಾಗಮಂಡಲ’ (1988) ನಾಟಕದ ರಾಣಿಯನ್ನು ಗಂಡ ಮನೆಯಲ್ಲಿ ಕೂಡಿ ಬೀಗ ಹಾಕಿಕೊಂಡು ಹೋಗುತ್ತಾನೆ. ಗಂಡನ ರೂಪ ತಾಳಿ ನಾಗ ಬರುತ್ತದೆ. ಪಂಚರ ಮುಂದೆ ಅವಳು ಹುತ್ತದೊಳಗೆ ಕೈಯಿಟ್ಟು ನಾಗನನ್ನು ಹಿಡಿದು, ಗಂಡನನ್ನೂ ಈ ನಾಗನನ್ನೂ ಹೊರತು ಇನ್ನಾರನ್ನೂ ಮುಟ್ಟಿಲ್ಲವೆಂದು ಪ್ರಮಾಣ ಮಾಡುತ್ತಾಳೆ. ಮಾತಿನಲ್ಲಿ ಸುಳ್ಳಿನ ಎಳೆಯೂ ಇಲ್ಲ; ನಾಗ ಕಚ್ಚುವುದಿಲ್ಲ; ಅವಳನ್ನು ಜರೆದ ಊರೇ ಕೈಮುಗಿಯುತ್ತದೆ. ಇದರಲ್ಲಿ ಬದುಕಿಗೆ ಬೆನ್ನು ತಿರುಗಿಸಿದವರು ಯಾರು? ಹೂವಿನ ಹುಡುಗಿ ಮರವಾದದ್ದೂ ಮನೆಯಲ್ಲಿ ಬಡತನವಿದ್ದುದರಿಂದಲೇ.

ಆ ನಾದಿನಿಯ ವಿಷಯ ನನ್ನನ್ನು ಇನ್ನೂ ಬಿಟ್ಟಿಲ್ಲ. ತೋಟದಿಂದ ಅರಮನೆಗೆ ಬಂದು ಆ ರಾತ್ರಿ ಅವಳು ಊಟ ಮಾಡಿದಳೆ? ಅಣ್ಣ ‘ನಿನ್ನ ಅತ್ತಿಗೆ ಎಲ್ಲಿ?’ ಎಂದು ಕೇಳಿದಾಗ ಮುಡಿಯಲ್ಲಿ ಹೂವಿತ್ತೆ, ತೆಗೆದಿಟ್ಟಿದ್ದಳೆ? ಅವಳ ಕಡೆಯಿಂದ ಈ ಕಥೆಯನ್ನು ನಮ್ಮ ಕಾಲೇಜಿನವರು ಯಾರಾದರೂ ಬರೆಯಬೇಕು. ಮುಂದಿನ ಸಂಚಿಕೆಯ ಹೊತ್ತಿಗೆ ನಾನು ಇಲ್ಲಿರುವುದಿಲ್ಲ. ಬರೆದವರು ಒಂದು ಪ್ರತಿಯನ್ನು ಊರಿಗೆ ಕಳಿಸಿದರೆ ಅಜ್ಜಿಗೆ ಓದಿ ಹೇಳುತ್ತೇನೆ.